ಗೋಡೆಗೂ ತಲೆಗೂ ನಡುವೆ ಏಳು ಬೆರಳು

ಇದನ್ನ ಹೇಳ್ತಿರೋಳು ನಾನು, ಬರಕೊಳ್ತಿರೋಳು ನನ್ನ ಸೊಸೆ ರತ್ನ. ನನಗೆ ಅಕ್ಷರ ಬರಲ್ಲ. ಅವಳು ಆಂಡರ್ಸನ್‌ಪೇಟೆ ಇಸ್ಕೂಲಲ್ಲಿ ಆರನೇ ಕ್ಲಾಸಿನ ತನಕ ಓದಿದೋಳು. ನಾನು ‘ಓಯ್ತು’ ಅಂದ್ರೆ ಅವಳು ‘ಹೋಯ್ತು’ ಅಂತ ತಿದ್ದಿ ಬರೀತಾಳೆ, ಬರೀಲಿ. ಮಾತು ತಿದ್ದಿದ್ರೆ ತಿದ್ದು, ಬಿಡಬೇಡ ಅಂತ ಮಾತ್ರ ಹೇಳಿದೀನಿ. ಯಾಕೆ ಹಾಗೆ ಹೇಳಿದೆ ಅನ್ನೋದು ಮುಂದೆ ನಿಮಗೇ ಗೊತ್ತಾಗುತ್ತೆ.

ಬೆನ್ನು ಗೂನಾದ ಮುದುಕಿಯರು ನಮ್ಮ ಸೀಮೇಲಿ ಮನೆಗೊಬ್ಬರು ಸಿಗ್ತಾರೆ. ಅದನ್ನ ಕಾಯಿಲೆ ಅಂತ ಯಾರೂ ಅನ್ನಲ್ಲ. ವಯಸ್ಸಾಯ್ತು, ಊರು ಹೋಗು ಅನ್ನುತ್ತೆ ಕಾಡು ಬಾ ಅನ್ನುತ್ತೆ ಅಂದು ಮಾತು ಮುಗಿಸ್ತಾರೆ. ಬಗ್ಗಿದೋಳಿಗೆ ಎಷ್ಟು ಭಯ ಅಂತ ಕೇಳೋರು ಯಾರು? ಎದುರಿಗೆ ಬರೋರ ಮುಖ ಕಾಣಲ್ಲ, ಕಾಲು ಮಾತ್ರ ಕಾಣುತ್ತೆ. ನನಗಂತೂ ಮನುಷ್ಯರು ಅಂದ್ರೆ ಪಾದಗಳು ಅನ್ನೋ ಹಾಗಾಗಿತ್ತು. ಅದೂ ಒಂಥರಾ ನ್ಯಾಯವೇ ಇರಬೇಕು.

ನಾನು ಹುಟ್ಟಿದ್ದು ಕಾಮಸಮುದ್ರದ ಹತ್ತಿರದ ಹಳ್ಳೀಲಿ, ಕೊಟ್ಟಿದ್ದು ಅಲ್ಲಿಂದ ಎರಡು ಮೈಲಿ ಆಚೆಗೆ. ಹುಟ್ಟುವಾಗ ಕಾಲು ಮುಂದಾಗಿ ಬಂದೆನಂತೆ. ಹಾಗೆ ಹುಟ್ಟಿದೋರ ಕಾಲಿಗೆ ಒಂದು ಗುಣ ಇರುತ್ತೆ ಅಂತ ನಮ್ಮ ಕಡೆ ನಂಬಿಕೆ. ಸೊಂಟ ಹಿಡ್ಕೊಂಡೋರನ್ನ ಭಾನುವಾರ ಬೆಳಗ್ಗೆ ಹೊಸಿಲಿಗೆ ತಲೆ ಕೊಟ್ಟು ಬೋರಲು ಮಲಗಿಸೋದು. ನಾನು ಎಡಗಾಲನ್ನ ಎರಡು ಸಲ ಬೆನ್ನಿಗೆ ಮುಟ್ಟಿಸಿ, ಮೂರನೇ ಸಲ ಭಾರ ಬಿಟ್ಟು ಒತ್ತೋದು. ‘ಚಟ್’ ಅಂತ ಸದ್ದು ಬಂದ್ರೆ ಹಿಡಿತ ಬಿಡ್ತು ಅಂತ ಲೆಕ್ಕ. ಎಲೆ ಅಡಿಕೆ ಬಿಟ್ಟು ಬೇರೇನೂ ತಗೊಳ್ಳೋ ಹಾಗಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಶುರುವಾಗಿದ್ದು ನಲವತ್ತು ವರ್ಷ ನಡೀತು. ಬಂಗಾರಪೇಟೆಯಿಂದೆಲ್ಲ ಗಾಡಿ ಕಟ್ಕೊಂಡು ಬರೋರು. ದೊಡ್ಡ ದೊಡ್ಡ ಗಂಡಸರು ನನ್ನ ಕಾಲ ಕೆಳಗೆ ಮಲಗೋರು, ಎದ್ದ ಮೇಲೆ ಅದೇ ಕಾಲಿಗೆ ಕೈಮುಗಿಯೋರು. ಸುಳ್ಳು ಯಾಕೆ ಹೇಳಲಿ, ನನಗೆ ಜಂಬ ಇತ್ತು. ಸ್ನಾನ ಮಾಡುವಾಗ ಎಡಗಾಲಿಗೆ ಒಂದು ಕೈ ಅರಿಶಿನ ಜಾಸ್ತಿ ಹಚ್ಕೊಳ್ತಿದ್ದೆ.

ನನ್ನ ಗಂಡನ ತಂಗಿ ಪಾಪಮ್ಮ. ಅವಳನ್ನ ಊರಿಗಾಂ ಚಿನ್ನದ ಗಣಿ ಕೆಲಸದೋನಿಗೆ ಕೊಟ್ಟಿದ್ದು, ಮನೆ ಗಣಿಯೋರ ಸಾಲುಮನೆ ಲೈನಿನಲ್ಲಿ. ಅವಳ ಒಬ್ಬಳೇ ಮಗಳು ಈ ರತ್ನ. ನನ್ನ ಮಗ ನಾರಾಯಣನಿಗೂ ಗಣೀಲೇ ಕೆಲಸ ಸಿಕ್ಕಿತು, ಸೋದರತ್ತೆ ಮಗಳನ್ನೇ ತಂದುಕೊಂಡ. ಪಾಪಮ್ಮನ ಗಂಡ ತೀರಿಹೋದ ಮೇಲೆ ಅವಳು ಮಗಳು ಅಳಿಯನ ಜೊತೆಗೇ ಲೈನಿನಲ್ಲಿದ್ದಳು. ನಾನೂ ನನ್ನ ಯಜಮಾನರೂ ಹಳ್ಳೀಲಿ.

ನಯಾಪೈಸೆ ಬಂದ ವರ್ಷ ಪಾಪಮ್ಮನ ಬೆನ್ನು ಬಗ್ಗೋಕೆ ಶುರುವಾಯ್ತು. ನೋವು ಅಂತ ಕೂತಲ್ಲಿ ಕೂರಲಾರಳು. ಒಂದು ಭಾನುವಾರ ರತ್ನ ಅವಳನ್ನ ಪ್ಯಾಸೆಂಜರ್ ರೈಲಿನಲ್ಲಿ ಕಾಮಸಮುದ್ರಕ್ಕೆ ಕರ್ಕೊಂಡು ಬಂದಳು, ಅಲ್ಲಿಂದ ಎತ್ತಿನಗಾಡೀಲಿ ನಮ್ಮನೆಗೆ. ಮನೇಲೇ ವೈದ್ಯ ಇರುವಾಗ ಇನ್ನೆಲ್ಲಿಗೆ ಹೋಗೋದು? ನಾನು ಸೆರಗು ಸಿಕ್ಕಿಸಿಕೊಂಡೆ. ಪಾಪಮ್ಮ ಹೊಸಿಲಿಗೆ ತಲೆ ಕೊಟ್ಟು ಮಲಗಿದಳು. ಹೊಟ್ಟೆ ನೆಲಕ್ಕೆ ತಾಗಲಿಲ್ಲ, ಬೆನ್ನು ಅಷ್ಟು ಬಗ್ಗಿತ್ತು. ಅಲುಗಾಡದ ಹಾಗೆ ರತ್ನ ಅವಳ ಭುಜ ಹಿಡಿದುಕೊಂಡಳು. ಎರಡು ಸಲ ಮುಟ್ಟಿಸಿದೆ. ಮೂರನೇ ಸಲ, ನಾದಿನಿ ಅಲ್ವಾ, ಚೆನ್ನಾಗಿ ಬಿಡಲಿ ಅಂತ ಸ್ವಲ್ಪ ಜಾಸ್ತೀನೇ ಭಾರ ಬಿಟ್ಟೆ.

ಸದ್ದು ಬಂತು. ನಲವತ್ತು ವರ್ಷ ಕೇಳಿದ ಸದ್ದಲ್ಲ ಅದು. ಒಣಗಿದ ತೊಗರಿ ಕಡ್ಡಿ ಮುರಿದ ಸದ್ದು. ನನ್ನ ಹಿಮ್ಮಡಿಗೆ ಅದು ಗೊತ್ತಾಯ್ತು. ಬಾಯಿ ಮಾತ್ರ ಅಭ್ಯಾಸದ ಮೇಲೆ ‘ಬಿಡ್ತು ಬಿಡ್ತು’ ಅಂದುಬಿಡ್ತು.

ಪಾಪಮ್ಮ ಏಳಲಿಲ್ಲ. ಸಂಜೆ ಹೊತ್ತಿಗೆ ಕಾಲು ಸೋತವು. ಗಾಡಿ ಕಟ್ಟಿ ಬಂಗಾರಪೇಟೆಗೆ, ಅಲ್ಲಿಂದ ಊರಿಗಾಂ ಆಸ್ಪತ್ರೆಗೆ ಸಾಗಿಸಿದರು. ಬೆನ್ನು ಮುರಿದಿದೆ ಅಂದರಂತೆ. ಹೇಗಾಯ್ತು ಅಂತ ನೆಂಟರು ಕೇಳಿದಾಗ ಮೊದಲು ಬಾಯಿ ತೆಗೆದೋಳು ನಾನು. ಬರುವಾಗ ಗಾಡಿ ಕುಲುಕಿತಲ್ಲ, ಅದರಿಂದಾನೇ ಆಗಿರಬೇಕು ಅಂದೆ. ಎಲ್ಲರೂ ಹೌದು ಅಂದರು. ಗಾಡಿ ಹೊಡೆದೋನನ್ನ ಬೈದರು. ಪಾಪಮ್ಮ ನಾಲ್ಕು ತಿಂಗಳು ಮಲಗಿದಲ್ಲೇ ಮಲಗಿ, ಬೆನ್ನೆಲ್ಲ ಹುಣ್ಣಾಗಿ, ಚಳಿಗಾಲದಲ್ಲಿ ಹೋದಳು. ಹೋಗೋಕೆ ಮುಂಚೆ ನೋಡೋಕೆ ಹೋದಾಗ ನನ್ನ ಕೈ ಹಿಡ್ಕೊಂಡು, “ನಾನು ಸ್ವಲ್ಪ ಮೊದ್ಲೇ ಬರಬೇಕಾಗಿತ್ತು ಅತ್ಗೆ ನಿನ್ ತಾವಕ್ಕೆ,” ಅಂದಳು. ಆ ಮೇಲೆ ನಾನು ಯಾರ ಬೆನ್ನಿಗೂ ಕಾಲಿಡಲಿಲ್ಲ. ಮಂಡಿ ನೋವು ಅಂತ ನೆಪ ಹೇಳಿ ಕಳಿಸಿಬಿಡ್ತಿದ್ದೆ.

ವರ್ಷ ಎರಡು ವರ್ಷಕ್ಕೆ ನನ್ನ ಸರದಿ ಬಂತು. ಮೊದಲು ಗೊತ್ತಾಗಿದ್ದು ನೀರಿನ ಬಿಂದಿಗೆಯಿಂದ. ಸಿಂಬಿ ಇಟ್ಟು ತಲೆ ಮೇಲೆ ಕೂರಿಸಿದ್ರೆ ಮುಂದಕ್ಕೆ ಜಾರೋದು. ಆಮೇಲೆ ಸೀರೆ ನೆರಿಗೆ ಮುಂದುಗಡೆ ನೆಲಕ್ಕೆ ಒರೆಸೋಕೆ ಶುರುವಾಯ್ತು, ಹಿಂದೆ ಮೀನಖಂಡ ಕಾಣೋದು. ಸೀರೆ ಉಟ್ಟಿದ್ದು ಸರಿಯಾಗಿಲ್ಲ ಅಂದುಕೊಂಡೆ. ಸೀರೆ ಸರಿಯಾಗೇ ಇತ್ತು, ನಾನೇ ಕುಗ್ಗಿದ್ದೆ. ಯಜಮಾನರು ಅಷ್ಟೊತ್ತಿಗೆ ತೀರಿಕೊಂಡಿದ್ದರು. ಪಾಪಮ್ಮನ ಶಾಪ ಅಂತ ಒಬ್ಬಳೇ ಕೂತು ಅಳ್ತಿದ್ದೆ. ಅವಳು ಶಾಪ ಹಾಕೋಳಲ್ಲ ಅಂತ ಗೊತ್ತಿದ್ದದ್ದರಿಂದ ಇನ್ನೂ ಅಳು ಬರೋದು.

ಚೀನಾ ಯುದ್ಧದ ವರ್ಷ, ಎಮ್ಮೆಗೆ ಕಲಗಚ್ಚು ಹೊತ್ಕೊಂಡು ಹೋಗುವಾಗ ಮುಗ್ಗರಿಸಿ ಬಿದ್ದೆ. ಏನೂ ತಾಗಲಿಲ್ಲ, ಕಲ್ಲಿಲ್ಲ ಮುಳ್ಳಿಲ್ಲ, ಸುಮ್ಮನೆ ನನ್ನ ಭಾರಕ್ಕೆ ನಾನೇ ಮುಂದಕ್ಕೆ ಹೋದೆ. ಎಡ ಮುಂಗೈ ಮುರೀತು. ಬೆನ್ನಿನ ನೋವು ಎಂಥಾದ್ದು ಅಂದ್ರೆ ಉಸಿರು ಎಳೆಯೋಕೂ ಹೆದರಿಕೆ. ಅಕ್ಕಪಕ್ಕದೋರು ಓಡಿಬಂದರು. ಪಕ್ಕದೂರಲ್ಲೊಬ್ಬ ಕಾಲು ಮುಂದಾಗಿ ಹುಟ್ಟಿದೋನಿದ್ದಾನೆ, ಕರೆಸ್ತೀವಿ, ಒಂದು ಸಲ ತುಳಿಸಿಕೋ ಅಂದರು. ಬೇಡ ಅಂತ ಕಿರುಚಿದೆ. ಇಷ್ಟು ಜನರ ಬೆನ್ನು ತುಳಿದೋಳು ತನ್ನ ಬೆನ್ನು ಅಂದ ಕೂಡಲೇ ಹೀಗೆ ಕಿರುಚ್ತಾಳಲ್ಲ ಅಂತ ಅವರು ಮುಖ ಮುಖ ನೋಡಿಕೊಂಡರು.

ನಾರಾಯಣ ಬಂದು ನನ್ನನ್ನ ಲೈನಿಗೆ ಕರ್ಕೊಂಡು ಹೋದ. ಪಾಪಮ್ಮ ಮಲಗ್ತಿದ್ದ ಮೂಲೇಲೇ ನನಗೆ ಚಾಪೆ ಹಾಕಿದರು. ಬೇರೆ ಮೂಲೆ ಎಲ್ಲಿತ್ತು ಆ ಮನೇಲಿ?

ಆಸ್ಪತ್ರೆ ವರಾಂಡದ ಬೆಂಚಿನ ಮೇಲೆ ಬೆಳಗ್ಗೆಯಿಂದ ಕಾದಿದ್ದು ನೆನಪಿದೆ. ಗಣಿ ಧೂಳು ಕುಡಿದ ಗಂಡಸರು ಸಾಲಾಗಿ ಕೂತು ಕೆಮ್ಮೋರು. ಒಬ್ಬ ಕೆಮ್ಮು ನಿಲ್ಲಿಸಿದ್ರೆ ಇನ್ನೊಬ್ಬ ಶುರು ಮಾಡೋನು. ನನಗೆ ಒರಗೋಕೆ ಆಗ್ತಿಲ್ಲ ಅಂತ ನೋಡಿ ಪಕ್ಕದಲ್ಲಿದ್ದ ಒಬ್ಬ ಮುದುಕ ತನ್ನ ಹೆಗಲ ಟವಲನ್ನ ಮಡಿಸಿ ನನ್ನ ಸೊಂಟದ ಹಿಂದೆ ಇಟ್ಟ. ಅವನ ಹೆಸರು ಕೇಳಬೇಕಿತ್ತು, ಕೇಳಲಿಲ್ಲ.

ಡಾಕ್ಟರು ಎಕ್ಸ್‌ರೇ ಹಿಡಿದು ಕಿಟಕಿ ಕಡೆ ತಿರುಗಿಸಿದರು, ಇಂಗ್ಲಿಷಿನಲ್ಲಿ ನರ್ಸಮ್ಮನಿಗೆ ಏನೋ ಹೇಳಿ ಎದ್ದುಹೋದರು. ನರ್ಸಮ್ಮ ತಮಿಳಿನವಳು, ಐವತ್ತು ದಾಟಿದ ಗಟ್ಟಿ ಹೆಂಗಸು. ಅವಳು ತಮಿಳಿನಲ್ಲಿ ರತ್ನನಿಗೆ ಹೇಳೋಳು, ರತ್ನ ನನಗೆ ಕನ್ನಡದಲ್ಲಿ ಹೇಳೋಳು. ಮೂಳೆ ಒಳಗೊಳಗೇ ಟೊಳ್ಳಾಗಿದೆಯಂತೆ, ಕೆಳಗೆ ಸುರಂಗ ತೋಡಿದ ನೆಲದ ಹಾಗೆ. ಬೆನ್ನಿನ ಮಣಿಗಳು ಎರಡು ಕಡೆ ಕುಸಿದಿವೆಯಂತೆ. ಅದು ಮತ್ತೆ ನೆಟ್ಟಗಾಗಲ್ಲವಂತೆ. ಆದ್ರೆ ದಿನಾ ಅಭ್ಯಾಸ ಮಾಡಿದ್ರೆ ಇನ್ನಷ್ಟು ಬಗ್ಗೋದು ನಿಲ್ಲಬಹುದು, ಬೀಳೋದು ಕಮ್ಮಿಯಾಗಬಹುದು. ಇನ್ನೊಂದು ಸಲ ಬಿದ್ರೆ ಏಳೋದು ಕಷ್ಟ. ಅಷ್ಟನ್ನೂ ರತ್ನ ಹೇಳಿದಳು.

ಒಂದು ಮಾತು ಮಾತ್ರ ಬಿಟ್ಟಳು. ನರ್ಸಮ್ಮ ಒತ್ತಿ ಹೇಳಿದ ಮಾತದು: ಈ ಥರ ಬಗ್ಗಿದ ಬೆನ್ನಿನ ಮೇಲೆ ಯಾರೂ ಕಾಲಿಡಬಾರದು, ನಿಮ್ಮ ಕಡೆ ತುಳೀತಾರಲ್ಲ, ತುಳಿದರೆ ಆ ಮೂಳೆ ಮುರಿದೇ ಹೋಗುತ್ತೆ.

ಮದುವೆಯಾದಾಗಿನಿಂದ ನಾನು ಆಂಡರ್ಸನ್‌ಪೇಟೆ ಸಂತೇಲಿ ಹುಣಸೆಹಣ್ಣು ಮಾರಿದೋಳು. ನನಗೆ ಬೆಲೆ ಹೇಳೋಷ್ಟು ತಮಿಳು ಮಾತ್ರ ಬರುತ್ತೆ ಅಂತ ಮನೆಯೋರ ಎಣಿಕೆ. ನನಗೆ ಎಲ್ಲಾ ಅರ್ಥವಾಗುತ್ತೆ. ರತ್ನನ ಕಡೆ ನೋಡೋಣ ಅಂದ್ರೆ ಕತ್ತು ಮೇಲೇಳಲ್ಲ. ಅವಳ ಪಾದ ಕಂಡವು. ಹೆಬ್ಬೆರಳು ನೆಲಕ್ಕೆ ಒತ್ತಿಕೊಂಡಿದ್ದವು. ಆಮೇಲೆ ಅವಳು, “ಅಷ್ಟೇ ಅತ್ತೆ, ಬೇರೇನೂ ಇಲ್ಲ,” ಅಂದಳು.

ಅವತ್ತಿನಿಂದ ನನಗೆ ಒಂದೇ ಭಯ. ಅವಳಿಗೆ ಗೊತ್ತಾಗಿ ಹೋಯ್ತು. ನನ್ನಮ್ಮನ್ನ ಕೊಂದೋಳು ನೀನು ಅಂತ ಒಂದು ದಿನ ಅಂದುಬಿಡ್ತಾಳೆ. ಇವಳು ಕೈ ಬಿಟ್ಟರೆ ನಾನು ಬೀಳೋದೇ, ಬಿದ್ದರೆ ಪಾಪಮ್ಮನ ಹಾಗೆ ಅದೇ ಮೂಲೇಲಿ ಹುಣ್ಣಾಗಿ ಸಾಯೋದೇ.

ಮುಂಗೈ ಕೂಡಿದ ಮೇಲೆ ಅಭ್ಯಾಸ ಶುರುವಾಯ್ತು. ಬೆಳಗ್ಗೆ ನಾರಾಯಣ ಶಿಫ್ಟಿಗೆ ಹೋದ ಕೂಡಲೇ ರತ್ನ ನನ್ನನ್ನ ಗೋಡೆಗೆ ನಿಲ್ಲಿಸೋಳು. ಹಿಮ್ಮಡಿ ಗೋಡೆಗೆ, ಕುಂಡಿ ಗೋಡೆಗೆ, ಭುಜ ಆದಷ್ಟೂ ಹಿಂದಕ್ಕೆ, ಗದ್ದ ಒಳಕ್ಕೆ. ತಲೆ ಗೋಡೆಗೆ ಮುಟ್ಟಬೇಕು. ಎಲ್ಲಿ ಮುಟ್ಟುತ್ತೆ? ನಡುವೆ ಇರೋ ಜಾಗಕ್ಕೆ ರತ್ನ ಬೆರಳು ತೂರಿಸಿ ಅಳೆಯೋಳು. ಮೊದಲ ದಿನ ಏಳು ಬೆರಳು. ಹತ್ತು ಎಣಿಸೋ ತನಕ ನಿಲ್ಲು ಅನ್ನೋಳು. ನಾಲ್ಕಕ್ಕೇ ಬೆನ್ನಲ್ಲಿ ಬೆಂಕಿ ಹತ್ತೋದು. ಆಮೇಲೆ ಸ್ಟೂಲಿನ ಮೇಲೆ ಕೂತು ಕೈ ಊರದೆ ಏಳೋದು. ಬಾಗಿಲು ಚೌಕಟ್ಟು ಹಿಡ್ಕೊಂಡು ಒಂಟಿ ಕಾಲಲ್ಲಿ ನಿಲ್ಲೋದು. ಬಲಗಾಲಲ್ಲಿ ಹೇಗೋ ನಿಲ್ತಿದ್ದೆ. ಎಡಗಾಲಲ್ಲಿ ನಿಂತರೆ ಮೈಯೆಲ್ಲ ನಡುಗೋದು.

ಅಂಗಳದಲ್ಲಿ ರಂಗೋಲಿ ಪುಡೀಲಿ ಒಂದು ನೇರ ಗೀಟು ಎಳೆಯೋಳು. ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ಮುಟ್ಟಿಸಿ ಆ ಗೀಟಿನ ಮೇಲೆ ನಡೀಬೇಕು. ಹಿಂದೆ ಅವಳು ನನ್ನ ಬೆನ್ನಿಗೆ ಅಂಗೈ ಕೊಟ್ಟುಕೊಂಡು ಬರೋಳು. ಲೈನಿನ ಹೆಂಗಸರು ಬಾಗಿಲಲ್ಲಿ ನಿಂತು ನಗೋರು. ಮುದುಕಿಗೆ ಡ್ರಿಲ್ಲು ನೋಡೇ ಅಂತ ಒಬ್ಬಳು, ಗಿಡವಾಗಿದ್ದಾಗ ಬಗ್ಗಿಸಬಹುದು, ಬಗ್ಗಿದ ಮರ ನೆಟ್ಟಗೆ ಮಾಡೋಕಾಗುತ್ತಾ ಅಂತ ಇನ್ನೊಬ್ಬಳು. ಬಗ್ಗಿದೋನಿಗೆ ಒಂದು ಗುದ್ದು ಜಾಸ್ತಿ ಅಂತಾರಲ್ಲ, ಸುಳ್ಳಲ್ಲ.

ಆರು ತಿಂಗಳಿಗೆ ಏಳು ಬೆರಳು ಐದಾಯ್ತು. ಬೀದಿ ಆ ಕೊನೇಲಿ ಬರೋರ ಎದೆ ತನಕ ಕಾಣೋಕೆ ಶುರುವಾಯ್ತು. ಒಂದು ದಿನ ನಾರಾಯಣ ಮನೆಗೆ ಬಂದಾಗ ಅವನ ಗಡ್ಡದಲ್ಲಿ ಬಿಳಿ ಕೂದಲು ಕಂಡೆ. ಮಗನಿಗೂ ವಯಸ್ಸಾಗಿದೆ ಅಂತ ಗೊತ್ತಾಗಿ ಅವತ್ತೆಲ್ಲ ಸಂಕಟ ಪಟ್ಟೆ. ಮುಖ ಕಾಣದೆ ಇದ್ದಾಗ ಆ ಸಂಕಟವೂ ಇರಲಿಲ್ಲ.

ಬಹಳ ದಿನ ಉಳೀಲಿಲ್ಲ ಆ ಸುಖ. ಒಂದು ಬೆಳಗ್ಗೆ ಒಂಟಿ ಕಾಲಲ್ಲಿ ನಿಂತು ಎಣಿಸ್ತಿದ್ದೆ. ಆಳದಲ್ಲೆಲ್ಲೋ ಬಂಡೆ ಸಿಡೀತು. ಲೈನಿನಲ್ಲಿ ಅದು ಹೊಸದಲ್ಲ, ನೆಲ ಅದುರುತ್ತೆ, ಪಾತ್ರೆ ಗಡಗಡ ಅನ್ನುತ್ತೆ, ಹೆಂಗಸರು ತಮ್ಮ ಗಂಡ ಯಾವ ಶಿಫ್ಟು ಅಂತ ನೆನೆಸಿಕೊಂಡು ಎದೆ ಹಿಡ್ಕೊಳ್ತಾರೆ. ರತ್ನನೂ ಒಂದು ಗಳಿಗೆ ನನ್ನನ್ನ ಬಿಟ್ಟು ಬಾಗಿಲ ಕಡೆ ಓಡಿದಳು, ನಾರಾಯಣ ಕೆಳಗಿದ್ದ. ನಾನು ಪಕ್ಕಕ್ಕೆ ಉರುಳಿಬಿದ್ದೆ. ನಾರಾಯಣನಿಗೆ ಏನೂ ಆಗಿರಲಿಲ್ಲ. ನನಗೆ ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು, ಬೆನ್ನಿನ ಇನ್ನೊಂದು ಮಣಿ ಕೂತುಹೋಯ್ತು. ಎರಡು ತಿಂಗಳು ಮಲಗಿ ಎದ್ದು ಗೋಡೆಗೆ ನಿಂತಾಗ ಮತ್ತೆ ಏಳು ಬೆರಳು. ರತ್ನ ಎರಡು ಸಲ ಅಳೆದಳು. ಆಮೇಲೆ ಒಲೆ ಮುಂದೆ ಹೋಗಿ ಬೆನ್ನು ಹಾಕಿ ಕೂತಳು. ನನಗೆ ಸಾಕು, ಬಿಟ್ಟುಬಿಡು, ಹಣೆಬರಹ ಅಂದೆ. ಮಾರನೇ ದಿನ ಅದೇ ಹೊತ್ತಿಗೆ ಬಂದು ಗೋಡೆಗೆ ನಿಲ್ಲಿಸಿದಳು.

ಆಸ್ಪತ್ರೆಗೆ ಮತ್ತೆ ಹೋದಾಗ ನರ್ಸಮ್ಮ ಹೊಸದೊಂದು ಹೇಳಿಕೊಟ್ಟಳು. ಎದೆ ಕೆಳಗೆ ದಿಂಬು ಇಟ್ಕೊಂಡು ಬೋರಲು ಮಲಗಿ, ತಲೆ ಮತ್ತು ಭುಜ ಮೆಲ್ಲಗೆ ಎತ್ತೋದು. ದಿನಾ ಸ್ವಲ್ಪ ಸ್ವಲ್ಪ ಮಾಡಬೇಕು ಅಂದಳು. ಮನೆಗೆ ಬಂದು ರತ್ನ ಚಾಪೆ ಹಾಸಿದಳು. ಇದ್ದಿದ್ದೇ ಅಷ್ಟು ಜಾಗ, ತಲೆ ಹೊಸಿಲ ಕಡೆಗೇ ಬಂತು. ದಿಂಬಿನ ಮೇಲೆ ಬೋರಲಾದೆ. ಕಣ್ಣ ಮುಂದೆ ಹೊಸಿಲು, ಹೊಸಿಲಿನ ಅರಿಶಿನ. ರತ್ನ ಎದ್ದು ನನ್ನ ಪಕ್ಕಕ್ಕೆ ಬಂದು ನಿಂತಳು. ಅವಳ ಎಡಪಾದ ನನ್ನ ಮುಖದಿಂದ ಒಂದು ಗೇಣು ದೂರ.

ಪಾಪಮ್ಮ ಅವತ್ತು ಮಲಗಿದಾಗ ನೋಡಿದ್ದು ಇದನ್ನೇ. ಇಂಥಾದ್ದೇ ಹೊಸಿಲು, ಇಂಥಾದ್ದೇ ಒಂದು ಪಾದ. ಅವಳು ಕಾಲಿಡ್ತಾಳೆ ಅನ್ನಿಸ್ತು. ಇಡಲಿ ಅಂತಾನೂ ಅನ್ನಿಸ್ತು. ಎರಡೂ ಒಟ್ಟಿಗೇ ಅನ್ನಿಸ್ತು.

“ರತ್ನಾ,” ಅಂದೆ, ನೆಲ ನೋಡ್ಕೊಂಡೇ. “ಅವತ್ತು ನರ್ಸಮ್ಮ ಯೋಳಿದ್ದು ನಂಗೂ ತಿಳೀತು ಕಣಮ್ಮ. ನೀನು ಬಿಟ್ಟೆಯಲ್ಲ, ಆ ಮಾತು. ನಿಮ್ಮಮ್ಮನ ಬೆನ್ನು ಮುರಿದಿದ್ದು ನನ್ ಕಾಲು. ಗಾಡಿ ಕುಲುಕಲ್ಲ. ಆ ಸುಳ್ಳು ಉಟ್ಟಿಸಿದ್ದೂ ನಾನೇ.”

ಹೊರಗೆ ನಲ್ಲಿ ಹತ್ತಿರ ಬಿಂದಿಗೆ ಜಗಳ ಕೇಳ್ತಿತ್ತು. ಆಮೇಲೆ ಅವಳು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತಳು.

“ಗಾಡಿ ಕುಲುಕಲ್ಲ ಅಂತ ನಂಗೆ ಅವತ್ತೇ ಗೊತ್ತು ಅತ್ತೆ. ಗಾಡೀಲಿ ಅಮ್ಮ ನಗಾಡ್ಕೊಂಡು ಬಂದ್ಲು,” ಅಂದಳು. “ಬರಲ್ಲ ಅಂದ್ಲು ಅಮ್ಮ. ಆಸ್ಪತ್ರೇಲಿ ತೋರಿಸ್ಕೊತೀನಿ ಅಂದ್ಲು. ನಮ್ಮತ್ತೆ ಕಾಲಿರುವಾಗ ಆಸ್ಪತ್ರೆ ಯಾಕೆ ಅಂತ ಬೈದು ಕರ್ಕೊಂಬಂದೋಳು ನಾನು. ಭುಜ ಹಿಡ್ಕೊಂಡೋಳೂ ನಾನೇ. ಅವಳು ಬಿಡಿಸ್ಕೊಳ್ಳೋಕೆ ನೋಡಿದ್ಲು. ಬಿಗಿಯಾಗಿ ಹಿಡ್ಕೊಂಡೆ.”

ನರ್ಸಮ್ಮನ ಮಾತನ್ನ ಅವಳು ನನ್ನ ಮೇಲಿನ ಕರುಣೆಯಿಂದ ಬಿಟ್ಟಿರಲಿಲ್ಲ. ಅದನ್ನ ತನ್ನ ಬಾಯಲ್ಲಿ ಆಡೋಕೆ ಅವಳಿಂದ ಆಗಿರಲಿಲ್ಲ. ಇಷ್ಟು ದಿನ ನಾನು ಅವಳ ಬಾಯಿಗೆ ಹೆದರಿಕೊಂಡಿದ್ದೆ, ಅವಳು ನನ್ನ ಬಾಯಿಗೆ ಹೆದರಿಕೊಂಡಿದ್ದಳು.

“ಮತ್ತೆ ದಿನಾ ನನ್ ಬೆನ್ನಿಗೆ ಯಾಕಮ್ಮ ಕೈ ಕೊಡ್ತೀಯ?” ಅಂತ ಕೇಳಿದೆ.

“ಇನ್ಯಾರ ಬೆನ್ನಿಗೆ ಕೊಡ್ಲಿ ಅತ್ತೆ?” ಅಂದಳು.

ಇಬ್ಬರೂ ಅತ್ತೆವು. ಬೋರಲು ಮಲಗಿ ಅತ್ತರೆ ಮೂಗು ಕಟ್ಟುತ್ತೆ, ಉಸಿರಾಡೋಕಾಗಲ್ಲ. ಅವಳೇ ಎಬ್ಬಿಸಿ ಕೂರಿಸಿ ಮೂಗು ಒರೆಸಿದಳು. ಅವತ್ತು ಅಭ್ಯಾಸ ಆಗಲಿಲ್ಲ. ಮಾರನೇ ದಿನ ಆಯ್ತು.

ಇದೆಲ್ಲ ಆಗಿ ಮೂರು ವರ್ಷ. ನನ್ನ ಬೆನ್ನು ನೆಟ್ಟಗಾಗಿಲ್ಲ, ಆಗೋದೂ ಇಲ್ಲ. ರಾತ್ರಿ ಮಗ್ಗುಲು ಬದಲಾಯಿಸೋಕೆ ಈಗಲೂ ಯಾರಾದರೂ ಬೇಕು. ಆ ಎರಡನೇ ಸಲದ ಮೇಲೆ ಬಿದ್ದಿಲ್ಲ, ಅಷ್ಟೇ ಲಾಭ. ನಲ್ಲಿ ತನಕ ಒಬ್ಬಳೇ ಹೋಗಿ ಬರ್ತೀನಿ. ಎಡಗಾಲಲ್ಲಿ ಎಂಟು ಎಣಿಸೋ ತನಕ ನಿಲ್ತೀನಿ.

ಹಳ್ಳಿ ಕಡೆಯಿಂದ ಈಗಲೂ ವಿಳಾಸ ಹುಡುಕಿಕೊಂಡು ಬರೋರಿದ್ದಾರೆ. ಬಂಗಾರಪೇಟೆಯಿಂದ ಒಬ್ಬಳು ಬೆನ್ನು ಬಗ್ಗಿದ ತಾಯೀನ ಕರ್ಕೊಂಡು ಬಂದು, ಒಂದೇ ಒಂದು ಸಲ ಕಾಲಿಡಿ ಅಂತ ಎಲೆ ಅಡಿಕೆ ಇಟ್ಟಳು. ಆಗಲ್ಲ ಅಂದೆ. ಇದೇ ಕಾಲು ನನ್ನ ನಾದಿನೀನ ಕೊಂದಿದೆ ಅಂತ ನೇರವಾಗಿ ಹೇಳಿದೆ. ಗೋಡೆಗೆ ನಿಲ್ಲಿಸ್ತೀವಿ ಬಾಮ್ಮ ಅಂತ ರತ್ನ ಆ ತಾಯಿಯ ಕೈ ಹಿಡಿದಳು. ಮಗಳು ಕೈ ಕಿತ್ತುಕೊಂಡು, ಮುದುಕಿಗೆ ಸೊಕ್ಕು ಅಂತ ಬೈದು, ತಾಯೀನ ಎಳಕೊಂಡು ಇನ್ನೊಬ್ಬ ತುಳಿಯೋನ ಮನೆ ಕೇಳ್ಕೊಂಡು ಹೊರಟುಹೋದಳು. ಆ ತಾಯಿ ಏನಾದಳೋ ಗೊತ್ತಿಲ್ಲ. ಗೊತ್ತಿಲ್ಲದೇ ಇದ್ದದ್ದರಿಂದಲೇ ಇದನ್ನ ಬರೆಸೋಣ ಅನ್ನಿಸ್ತು. ಓದಿದೋರಾದ್ರೂ ತಮ್ಮ ತಾಯಂದಿರನ್ನ ಹೊಸಿಲಿಗೆ ಮಲಗಿಸದೇ ಇರಲಿ.

ಬರೆದು ಮುಗಿದ ಮೇಲೆ ಓದಿ ಹೇಳು ಅಂದೆ. ಭುಜ ಹಿಡ್ಕೊಂಡ ಜಾಗ ಬಂದಾಗ, ಅದನ್ನ ಬೇಕಾದ್ರೆ ಹೊಡೆದುಹಾಕು ರತ್ನಾ, ನನ್ನ ಕಾಲಿನದು ಇದ್ದರೆ ಸಾಕು ಅಂದೆ. ಬೇಡ ಅಂತ ತಲೆ ಆಡಿಸಿದಳು. ಅದನ್ನ ನಾನು ನೋಡಿದೆ, ಅಷ್ಟು ಕತ್ತು ಈಗ ಮೇಲೇಳುತ್ತೆ. ಆಮೇಲೆ ಕೊನೇ ತನಕ ಓದಿದಳು. ಒಂದು ಮಾತೂ ಬಿಟ್ಟಿರಲಿಲ್ಲ.